ಕೇಸು ಹಿಡಿದವಳು ಆರೋಪಿಯ ಕಡೆಯವಳೇ?

‘ನಾನು ಬನಹಟ್ಟಿಯವಳು. ಜಮಖಂಡಿ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಕೊಲೆ ಆರೋಪಿಯೊಬ್ಬನ ಪರ ವಕಾಲತ್ತು ಹಾಕಿದ ಮೇಲೆ ಓಣಿಯ ಜನ ಮುಖ ತಿರುಗಿಸುತ್ತಿದ್ದಾರೆ. ಮಗ್ಗ ನೇಯ್ದು ಓದಿಸಿದ ಅಪ್ಪ ಮಾತು ಬಿಟ್ಟಿದ್ದಾರೆ. ಕೇಸು ಬಿಡು ಎಂದು ಬೆದರಿಕೆ ಫೋನ್‌ಗಳೂ ಬರುತ್ತಿವೆ. ನಿದ್ದೆ ಹತ್ತುವುದಿಲ್ಲ. ನಾನು ತಪ್ಪು ಮಾಡಿದೆನೇ?’

ಇಲ್ಲ, ತಂಗಿ. ಆದರೆ ನಿಮ್ಮ ಸಂಕಟ ಸಣ್ಣದಲ್ಲ. ಗುರುತಿಲ್ಲದವರ ಬೆದರಿಕೆಗಿಂತ ಅಪ್ಪನ ಮೌನವೇ ನಿಮ್ಮನ್ನು ಹೆಚ್ಚು ನೋಯಿಸಿದೆ ಎಂದು ಪತ್ರ ಓದುವಾಗ ಅನಿಸಿತು. ಓಣಿಯವರ ಸಿಟ್ಟಿನ ಹಿಂದೆಯೂ ಸತ್ತವರ ಮನೆಯ ದುಃಖವಿದೆ. ಆ ದುಃಖಕ್ಕೆ ನ್ಯಾಯ ಕೇಳಲು ಸರ್ಕಾರಿ ವಕೀಲರಿದ್ದಾರೆ. ಆರೋಪಿಯ ಮಾತನ್ನು ಕೋರ್ಟಿನ ಮುಂದಿಡಲು ನೀವಿದ್ದೀರಿ.

1990ರಲ್ಲಿ ಹವಾನಾದಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಸಮ್ಮೇಳನ ವಕೀಲರ ಪಾತ್ರದ ಬಗ್ಗೆ ಕೆಲವು ತತ್ವಗಳನ್ನು ಒಪ್ಪಿತು. ತಮ್ಮ ಕೆಲಸ ಮಾಡಿದ ವಕೀಲರನ್ನು ಕಕ್ಷಿದಾರನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುತ್ತದೆ ಅದರ 18ನೇ ತತ್ವ. ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕನ್ನು ಬಂಧಿತನಿಗೆ ನಮ್ಮ ಸಂವಿಧಾನದ 22ನೇ ವಿಧಿಯೇ ಕೊಟ್ಟಿದೆ. ಆರೋಪಿಯ ಪರ ಯಾರೂ ನಿಲ್ಲಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಆದರೂ 2020ರಲ್ಲಿ ಹುಬ್ಬಳ್ಳಿಯಲ್ಲಿ ಆರೋಪಿಗಳಾಗಿದ್ದ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥದ್ದೇ ನಿರ್ಣಯವಾಯಿತು. ಅವರ ಪರ ನಿಲ್ಲಲು ಬೆಂಗಳೂರಿನ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡ ಕೋರ್ಟಿಗೆ ಬರಬೇಕಾಯಿತು. ಓದಿದವರೇ ಹೀಗೆ ತಪ್ಪಿದ್ದಾರೆಂದ ಮೇಲೆ ಓಣಿಯವರ ಮೇಲೆ ಬೇಸರ ಬೇಡ.

ಅಪ್ಪನೊಡನೆ ವಾದಕ್ಕಿಳಿಯಬೇಡಿ. ಅವರನ್ನು ಒಪ್ಪಿಸಲೆಂದು ಕಕ್ಷಿದಾರ ನಂಬಿ ಹೇಳಿದ್ದನ್ನೂ ಬಾಯಿಬಿಡಬೇಡಿ. ಸಮಾಧಾನವಾಗಿ ಕುಳಿತಾಗ ಇಷ್ಟೇ ಹೇಳಿ: ‘ಅಪ್ಪಾ, ಕೊಲಿ ಮಾಡೂದು ಸರಿ ಅಂತ ನಾ ಹೇಳಾಕತ್ತಿಲ್ಲ. ಅಂವ ಮಾಡ್ಯಾನೋ ಇಲ್ಲೋ ಕೋರ್ಟ್ ನೋಡ್ತೈತಿ. ಅವನ ಮಾತೂ ಕೇಳಬೇಕಲ್ಲ.’ ಉತ್ತರ ಅಂದೇ ಬರಲಿಕ್ಕಿಲ್ಲ, ಕಾಯಿರಿ. ಅವರಲ್ಲಿ ಸಿಟ್ಟಿಗಿಂತ ಮಗಳಿಗೆ ಏನಾದೀತೋ ಎಂಬ ಅಂಜಿಕೆಯೇ ಹೆಚ್ಚಿರಬಹುದು.

ಬೆದರಿಕೆಯನ್ನು ಮಾತ್ರ ಸಹಿಸಿಕೊಂಡು ಕೂರಬೇಡಿ. ನಂಬರು, ದಿನ, ಹೊತ್ತು ಬರೆದಿಡಿ. ಹಿರಿಯ ವಕೀಲರಿಗೆ, ಸಂಘಕ್ಕೆ ತಿಳಿಸಿ. ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ವಕೀಲರ ಮೇಲಿನ ಹಿಂಸೆ ತಡೆಯಲೆಂದೇ 2023ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ.

ಭಾರ ತಾಳಲಾಗದಿದ್ದರೆ ಕಕ್ಷಿದಾರನಿಗೆ ಸಾಕಷ್ಟು ಮೊದಲೇ ತಿಳಿಸಿ, ಕೋರ್ಟಿನ ಅನುಮತಿ ಪಡೆದು ಹಿಂದೆ ಸರಿಯಬಹುದು. ಅದರಲ್ಲಿ ಅವಮಾನವಿಲ್ಲ. ಆದರೆ ನಿದ್ದೆಗೆಟ್ಟ ಮನಸ್ಸಿನಲ್ಲಿ ಆ ತೀರ್ಮಾನ ಬೇಡ. ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.