ಅಣಬೆಯಿಂದ ಬಂದ ಔಷಧಿ, ದ್ರಾಕ್ಷಿ ಬೆಳೆಗಾರರ ಸಂಯಮ

ಅಥಣಿ, ಕಾಗವಾಡ ತಾಲೂಕುಗಳ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟಣಿ ಮುಗಿದು ಎಳೆಚಿಗುರು ಹೊರಟ ಸಮಯಕ್ಕೆ ಹಿಂಗಾರಿನ ಮಳೆ ಹಿಡಿದುಕೊಂಡಿತೆಂದರೆ, ಎಲೆಯ ಮೇಲ್ಭಾಗದಲ್ಲಿ ಎಣ್ಣೆ ತಾಗಿದಂತಹ ಹಳದಿ ಮಚ್ಚೆಗಳೂ, ಮುಂಜಾನೆ ಅದೇ ಎಲೆಯನ್ನು ಮಗುಚಿ ನೋಡಿದರೆ ನವಿರಾದ ಬಿಳಿಯ ಬೂಜೂ ಕಾಣಿಸುವುದುಂಟು. ಈ ಡೌನಿ ರೋಗಕ್ಕೂ, ಮುಂದೆ ತಲೆದೋರುವ ಬೂದಿ ರೋಗಕ್ಕೂ ನಾವು ಸಿಂಪಡಿಸುವ ಅಜಾಕ್ಸಿಸ್ಟ್ರೋಬಿನ್, ಕ್ರೆಸಾಕ್ಸಿಮ್ ಮೀಥೈಲ್ ಮೊದಲಾದ ಔಷಧಿಗಳ ಮೂಲವು ಒಂದು ಕಿರಿಯ ಕಾಡಣಬೆಯೆಂಬುದನ್ನು ಅರಿತವರು ವಿರಳ.

ಯೂರೋಪಿನ ಪೈನ್ ವನಗಳಲ್ಲಿ ಉದುರಿ ಮಣ್ಣಿನಲ್ಲಿ ಹುದುಗಿದ ಕಾಯಿಗಳ ಮೇಲೆ ಬೆಳೆಯುವ ಸ್ಟ್ರೋಬಿಲ್ಯೂರಸ್ ಟೆನಸೆಲ್ಲಸ್ ಎಂಬ ಈ ಅಣಬೆಯು, ತನ್ನ ಆಹಾರವನ್ನು ಅನ್ಯ ಶಿಲೀಂಧ್ರಗಳು ಆಕ್ರಮಿಸದಂತೆ ಸ್ರವಿಸುವ ವಸ್ತುವನ್ನು 1977ರಲ್ಲಿ ಜರ್ಮನಿಯ ಟಿಮ್ ಆಂಕೆ, ವೋಲ್ಫ್‌ಗಾಂಗ್ ಸ್ಟೆಗ್ಲಿಶ್ ಮತ್ತವರ ಸಹೋದ್ಯೋಗಿಗಳು ಬೇರ್ಪಡಿಸಿ ಸ್ಟ್ರೋಬಿಲ್ಯೂರಿನ್ ಎಂದು ಹೆಸರಿಟ್ಟರು. ಜೀವಕೋಶವು ಉಸಿರಾಟದಿಂದ ಶಕ್ತಿ ಪಡೆಯುವ ಕ್ರಿಯೆಯನ್ನು ಒಂದೇ ಒಂದು ಸ್ಥಾನದಲ್ಲಿ ಅದು ತಡೆಯುವುದರಿಂದ ರೋಗದ ಬೀಜಾಣು ಮೊಳೆಯಲಾರದು. ಬಿಸಿಲಿಗೆ ಬೇಗನೆ ನಾಶವಾಗುತ್ತಿದ್ದ ಆ ವಸ್ತುವಿನ ರಚನೆಯನ್ನು ರಸಾಯನಶಾಸ್ತ್ರಜ್ಞರು ತಿದ್ದಿ, ಹೊಲಕ್ಕೆ ಒದಗುವಂತೆ ಮಾಡಿ, 1996ರಲ್ಲಿ ಮಾರುಕಟ್ಟೆಗೆ ತಂದರು.

ತನ್ನ ವಿಷದಿಂದ ಅಣಬೆ ತಾನೇ ಸಾಯದಿರುವುದಕ್ಕೆ ಕಾರಣ, ಆ ಸ್ಥಾನದ ಪ್ರೋಟೀನು ಅದರಲ್ಲಿ ತುಸು ಭಿನ್ನವಾಗಿರುವುದೇ ಆಗಿದೆ. ರೋಗಕಾರಕಗಳಲ್ಲಿಯೂ ಅಂತಹ ಅಲ್ಪ ವ್ಯತ್ಯಾಸವೊಂದು ಸಂಭವಿಸಿದರೆ ಔಷಧಿ ನಿಷ್ಫಲವಾಗುತ್ತದೆ. 1998ರಷ್ಟು ಬೇಗನೆ ಜರ್ಮನಿಯ ಗೋಧಿಯ ಬೂದಿ ರೋಗವೂ, ಅನಂತರ ನೆರೆಯ ಮಹಾರಾಷ್ಟ್ರದ ದ್ರಾಕ್ಷಿಯ ಡೌನಿಯೂ ಇದಕ್ಕೆ ಬಗ್ಗದಾದವು.

ಆದಕಾರಣ ಈ ಔಷಧಿಗಳನ್ನು ರೋಗ ಹಬ್ಬಿದ ಮೇಲಲ್ಲ, ಬರುವ ಮುನ್ನವೇ, ಒಂದು ಹಂಗಾಮಿನಲ್ಲಿ ಎರಡು ಸಲಕ್ಕೆ ಮೀರದಂತೆ ಸಿಂಪಡಿಸತಕ್ಕದ್ದು; ನಡುವಿನ ಸಿಂಪರಣೆಗಳಿಗೆ ಡೌನಿಯಾದರೆ ಮ್ಯಾಂಕೋಜೆಬ್, ಬೂದಿ ರೋಗವಾದರೆ ನೀರಿನಲ್ಲಿ ಕರಗುವ ಗಂಧಕ ಮುಂತಾದ ಬೇರೆ ಗುಂಪಿನವನ್ನು ಬಳಸತಕ್ಕದ್ದು. ಕಂಪನಿ ಬೇರೆಯಾದ ಮಾತ್ರಕ್ಕೆ ಔಷಧಿ ಬೇರೆಯಾಗದು. ಹೆಸರಿನ ಕೊನೆಗೆ ‘ಸ್ಟ್ರೋಬಿನ್’ ಎಂದಿರುವುವೂ, ಕ್ರೆಸಾಕ್ಸಿಮ್ ಮೀಥೈಲೂ ಒಂದೇ ಗುಂಪಿನವು. ಪ್ರಮಾಣಕ್ಕೂ, ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳಿಗೂ ಡಬ್ಬಿಯ ಚೀಟಿಯೇ ಆಧಾರ. ಜಲಚರಗಳಿಗೆ ಇವು ಮಾರಕವಾದುದರಿಂದ ಕೃಷ್ಣೆಯಲ್ಲಾಗಲಿ ಕಾಲುವೆಯಲ್ಲಾಗಲಿ ಪಂಪು ತೊಳೆಯಕೂಡದು. ನಿಪ್ಪಾಣಿ, ಚಿಕ್ಕೋಡಿಗಳ ಸೋಯಾಬೀನಿಗೂ ರಾಯಬಾಗದ ಅರಿಶಿನಕ್ಕೂ ಈ ಗುಂಪಿನ ಔಷಧಿ ಹೊಡೆಯುವವರಿಗೆ ಇದೇ ನಿಯಮ ಅನ್ವಯಿಸುತ್ತದೆ.

ಬೀಜಾಣುಗಳು ಗಾಳಿಯೊಡನೆ ಬದು ದಾಟುವುದರಿಂದ ಈ ಸಂಯಮವು ಒಬ್ಬನಿಂದ ಸಾಧ್ಯವಾಗುವಂತಹುದಲ್ಲ. ಊರಿನ ಬೆಳೆಗಾರರೆಲ್ಲ ಕೂಡಿ, ರೈತ ಸಂಪರ್ಕ ಕೇಂದ್ರದ ಸಲಹೆ ಪಡೆದು, ಚಾಟಣಿಗೆ ಮೊದಲೇ ಸಿಂಪರಣೆಯ ಸರದಿಯನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯಕ.