ಹೊಳೆ ನಡುವಿನ ಊರೂ ಊರ ಸಭೆಯೂ



ಈ ಸಲದ ಪಾಠ ಬಿತ್ತನೆ ಬೀಜದ್ದಲ್ಲ, ಗೊಬ್ಬರದ್ದೂ ಅಲ್ಲ. ಊರಿನ ಜನರಿಗೂ ಊರಿನ ಆಡಳಿತ ನಡೆಸುವ ಸಭೆಗೂ ನಡುವೆ ಮಾತುಕತೆ ಹೇಗೆ ನಡೆಯಬೇಕು ಎಂಬುದನ್ನು ಕುರಿತದ್ದು. ಇದನ್ನು ಕಲಿಯಲು ನಮ್ಮ ಸೀಮೆಯಲ್ಲೇ ಒಳ್ಳೆಯ ಪಾಠಶಾಲೆಯೊಂದಿದೆ. ಅದು ಶ್ರೀರಂಗಪಟ್ಟಣದ ದ್ವೀಪ. ಕಾವೇರಿಯು ಪಶ್ಚಿಮದಲ್ಲಿ ಎರಡು ಕವಲಾಗಿ ಒಡೆದು, ಕೋಟೆಯನ್ನೂ ಗಂಜಾಮನ್ನೂ ನಡುವೆ ಇಟ್ಟುಕೊಂಡು, ಪೂರ್ವದ ಸಂಗಮದಲ್ಲಿ ಪುನಃ ಒಂದಾಗುತ್ತದೆ. ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ನೆಲ. ಇಲ್ಲಿ ಪೇಟೆಯೂ ಇದೆ, ಗದ್ದೆಯೂ ಇದೆ. ಹಿಂದೆ ಗಂಜಾಮಿನ ಅಂಜೂರಕ್ಕೆ ದೊಡ್ಡ ಹೆಸರಿತ್ತು.

ನಾಗಮಂಗಲದ ರೈತರು, "ನಮಗೆ ಕೆರೆ ತುಂಬುವುದೇ ಅಪರೂಪ, ದ್ವೀಪದ ಮಾತು ನಮಗೇಕೆ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ದ್ವೀಪದಲ್ಲಿ ಜನರನ್ನು ಕೇಳದೆ ಮಾಡಿದ ಕೆಲಸದ ತಪ್ಪು ಬೇಗ ಬಯಲಿಗೆ ಬರುತ್ತದೆ, ಏಕೆಂದರೆ ಅಲ್ಲಿ ಎತ್ತ ನಡೆದರೂ ಹೊಳೆ ಸಿಕ್ಕುತ್ತದೆ. ಬಯಲು ಸೀಮೆಯಲ್ಲಿ ಅದೇ ತಪ್ಪು ಹತ್ತು ವರ್ಷ ಕಣ್ಣಿಗೆ ಬೀಳದೆ ಇರಬಹುದು. ಇನ್ನೊಂದು ಕಾರಣವೂ ಉಂಟು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಗಂಜಾಮಿನ ರೈತರೊಬ್ಬರ ಸ್ಥಿತಿಯನ್ನು ನೋಡಿ. ಮನೆ ಮುಂದಿನ ಚರಂಡಿ, ಬೀದಿ ದೀಪ, ಕುಡಿಯುವ ನೀರು ಇವೆಲ್ಲ ಪುರಸಭೆಯ ಪಾಲು. ಗದ್ದೆಯ ನೀರು ಬಂಗಾರದೊಡ್ಡಿ ನಾಲೆಯದು. ಮೈಸೂರು ಒಡೆಯರ ಕಾಲದ ಈ ನಾಲೆ ಮೇಲ್ಗಾಲುವೆಯ ಮೂಲಕ ಹೊಳೆಯ ಕವಲನ್ನೇ ದಾಟಿ ದ್ವೀಪಕ್ಕೆ ಬರುತ್ತದೆ. ಹೊಳೆಯ ಮೇಲೆ ಹೊಳೆಯ ನೀರನ್ನೇ ದಾಟಿಸಿದ ಆ ಹಿರಿಯರ ಕೆಲಸವನ್ನು ನೋಡದವರು ಒಮ್ಮೆ ಹೋಗಿ ನೋಡಿ ಬನ್ನಿ. ಈಗ ಅದರ ಉಸ್ತುವಾರಿ ಕಾವೇರಿ ನೀರಾವರಿ ನಿಗಮದ್ದು. ಇನ್ನು ಅದೇ ರೈತರು ಹಿತ್ತಲಿನಲ್ಲಿ ಒಂದು ಕೋಣೆ ಕಟ್ಟಬೇಕೆಂದರೆ ಮೂರನೆಯ ಬಾಗಿಲು ಎದುರಾಗುತ್ತದೆ. ದರಿಯಾ ದೌಲತ್, ಗುಂಬಜ್, ರಂಗನಾಥಸ್ವಾಮಿ ದೇವಸ್ಥಾನ, ಜುಮ್ಮಾ ಮಸೀದಿ ಇವು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳು. 1958ರ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಇಂಥ ಸ್ಮಾರಕದ ಗಡಿಯಿಂದ 100 ಮೀಟರಿನವರೆಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರಿನವರೆಗೆ ಅನುಮತಿ ಪಡೆದೇ ಕಟ್ಟತಕ್ಕದ್ದು. ನಿಷೇಧದ ವಲಯದಲ್ಲಿ ಹಳೆಯ ಮನೆಯ ದುರಸ್ತಿಗೆ ಅವಕಾಶವಿದೆಯಾದರೂ ಅದಕ್ಕೂ ಅನುಮತಿ ಬೇಕು.

ಹೀಗೆ ಒಂದೇ ಮನೆಗೆ ಮೂರು ಬಾಗಿಲು. ಜನರು ಪುರಸಭೆಯ ಬಾಗಿಲನ್ನು ಮಾತ್ರ ಬಡಿಯುತ್ತಾರೆ, ಏಕೆಂದರೆ ಹತ್ತಿರ ಇರುವುದೂ ಓಟು ಕೇಳಲು ಬರುವುದೂ ಅವರೇ. ಪುರಸಭೆಯವರು "ಇದು ನಮಗೆ ಸೇರಿದ್ದಲ್ಲ" ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ಮಾತು ಮುಗಿಯಬಾರದು. ಯಾವ ಬಾಗಿಲಿಗೆ ಸೇರಿದ್ದು ಎಂದು ಹೇಳಿ, ಆ ಕಛೇರಿಗೆ ಸಭೆಯ ಪರವಾಗಿ ಒಂದು ಪತ್ರ ಬರೆಯುವುದು ಸಭೆಯ ಕೆಲಸವೇ ಆಗಿದೆಯೆಂದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ನಾನೂ ತಪ್ಪು ಮಾಡಿದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾಲೆಯ ಹೂಳಿನ ಬಗ್ಗೆ ಹಿರಿಯ ರೈತರೊಬ್ಬರಿಗೆ ನಾನೇ ಅರ್ಜಿ ಬರೆದುಕೊಟ್ಟೆ. ಬರೆದದ್ದೇನೋ ಚೆನ್ನಾಗಿತ್ತು, ಕೊಟ್ಟ ಕಛೇರಿ ಬೇರೆ. ಎರಡು ತಿಂಗಳು ಹೋಯಿತು, ನಾಟಿಯ ಕಾಲವೂ ಹೋಯಿತು. ಅವರು ನನ್ನನ್ನು ಬೈಯಲಿಲ್ಲ. "ಮುಂದಿನ ಸಲ ಮೊದ್ಲು ಬಾಗ್ಲು ಯಾವ್ದು ಅಂತ ನೋಡ್ಕೊಳವ ಕಣಪ್ಪ" ಎಂದರು ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು.

ಈಗ ಹೊಳೆಯ ಮಾತಿಗೆ ಬರೋಣ. 1924ರ ಜುಲೈ ತಿಂಗಳ ದೊಡ್ಡ ಪ್ರವಾಹದ ವಿಷಯವನ್ನು ಈ ದಂಡೆಯ ಹಳೆಯ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಕನ್ನಂಬಾಡಿ ಕಟ್ಟೆಯ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಕಟ್ಟೆ ಆದ ಮೇಲೆ ಹೊಳೆ ಬಹುಮಟ್ಟಿಗೆ ಹಿಡಿತಕ್ಕೆ ಬಂತು. ಆದರೆ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಅಷ್ಟು ತುಂಬಿದ ಮೇಲೆ ಕೊಡಗಿನಲ್ಲಿಯೂ ಹೇಮಾವತಿಯ ತಲೆಯಲ್ಲಿಯೂ ಮಳೆ ಬಿಡದೆ ಸುರಿದರೆ, ಬಂದ ನೀರನ್ನು ಬಂದಂತೆ ಕೆಳಕ್ಕೆ ಬಿಡದೆ ಗತಿಯಿಲ್ಲ. 2019ರಲ್ಲಿ ಹೀಗಾಯಿತು, 2024ರಲ್ಲಿಯೂ ಆಯಿತು. ಎರಡು ಸಲವೂ ಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ಸ್ ದಾಟಿತ್ತು.

ಕ್ಯೂಸೆಕ್ಸ್ ಎಂದರೇನು? ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28 ಲೀಟರು. ಎರಡು ಕೊಡ ನೀರು ಎಂದಿಟ್ಟುಕೊಳ್ಳಿ. ಒಂದು ಲಕ್ಷ ಕ್ಯೂಸೆಕ್ಸ್ ಎಂದರೆ ಪ್ರತಿ ಸೆಕೆಂಡಿಗೆ ಎರಡು ಲಕ್ಷ ಕೊಡ. ಅದರಲ್ಲಿ ಒಂದು ಪಾಲು ವೆಲ್ಲೆಸ್ಲಿ ಸೇತುವೆಯ ಬಳಿ ಹಾದುಹೋಗುತ್ತದೆ. ಪೂರ್ಣಯ್ಯನವರ ದಿವಾನಗಿರಿಯಲ್ಲಿ, 1804ರಲ್ಲಿ ಮುಗಿದ ಕಲ್ಲಿನ ಸೇತುವೆ ಅದು.

ನೀರು ಬಿಡುವ ಮುಂಚೆ ನಿಗಮದವರು ಪ್ರಕಟಣೆ ಕೊಡುತ್ತಾರೆ, ನದಿ ಪಾತ್ರದ ಜನ ಎಚ್ಚರವಾಗಿರಬೇಕೆಂದು ಧ್ವನಿವರ್ಧಕದಲ್ಲಿ ಸಾರುವುದೂ ಉಂಟು. ಇದು ಬೇಕಾದದ್ದೇ. ಆದರೆ ದಂಡೆಯ ಗದ್ದೆಯ ಹಿರಿಯರೊಬ್ಬರು ನನಗೆ ಹೇಳಿದ ಮಾತನ್ನು ಕೇಳಿ: "ಇಷ್ಟು ಸಾವಿರ ಕ್ಯೂಸೆಕ್ಸ್ ಬುಟ್ಟವ್ರೆ ಅಂತಾರೆ ಕಣಪ್ಪ, ನನ್ ಗದ್ದೆ ಮುಳುಗ್ತದೋ ಇಲ್ವೋ ಅಂತ ಯಾರೂ ಹೇಳಕಿಲ್ಲ."

ಈ ಪಾಠದ ತಿರುಳು ಇಲ್ಲಿದೆ. ಎಷ್ಟು ನೀರು ಬಿಟ್ಟಿದೆ ಎಂಬುದು ಕಛೇರಿಗೆ ಗೊತ್ತು. ಅಷ್ಟು ಬಿಟ್ಟರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಊರಿಗೆ ಗೊತ್ತು. ನಿಮಿಷಾಂಬ ದೇವಸ್ಥಾನದ ಸ್ನಾನಘಟ್ಟದಲ್ಲಿ ಎಷ್ಟನೆಯ ಮೆಟ್ಟಿಲು ಮುಳುಗಿದರೆ ಯಾವ ಕಾಲುದಾರಿ ಕಟ್ಟಿಹೋಗುತ್ತದೆ ಎಂದು ಅಂಬಿಗರೂ ದನ ಕಾಯುವವರೂ ಬಾಯಲ್ಲೇ ಹೇಳಬಲ್ಲರು. ಈ ಎರಡು ತಿಳಿವಳಿಕೆಗಳು ಒಂದೇ ಕಾಗದದ ಮೇಲೆ ಕೂಡಬೇಕು. ಕೂಡಿಸಲು ತಕ್ಕ ಜಾಗ ಊರಿನ ಸಭೆಯೇ. ದಿನಾಂಕ, ಬಿಟ್ಟ ನೀರು, ನೀರು ಮುಟ್ಟಿದ ಗುರುತು, ಮುಳುಗಿದ ಸರ್ವೆ ನಂಬರು ಎಂದು ನಾಲ್ಕು ಕಲಮುಗಳ ಒಂದು ಪಟ್ಟಿ ಸಾಕು. 2019 ಮತ್ತು 2024ರ ನೆನಪು ಇನ್ನೂ ಹಸಿಯಾಗಿದೆ, ಈಗಲೇ ಕೂತು ಬರೆಯಬಹುದು. ದಂಡೆಯ ಒಂದು ಗಟ್ಟಿ ಕಲ್ಲಿಗೆ ಬಣ್ಣದಲ್ಲಿ ಗೆರೆ ಎಳೆದು ಅಂಕಿ ಬರೆಸಿದರೆ ಇನ್ನೂ ಒಳ್ಳೆಯದು. ಆದರೆ ನೆನಪಿಡಿ, ಕೋಟೆಯ ಗೋಡೆಗಾಗಲಿ ಹಳೆಯ ಸೇತುವೆಗಾಗಲಿ ಬಣ್ಣ ಬಳಿಯಲಾಗದು. ಮೂರನೆಯ ಬಾಗಿಲಿನವರು ಬರುತ್ತಾರೆ!

ಎಲ್ಲ ನಡುಗಡ್ಡೆಗೂ ಶ್ರೀರಂಗಪಟ್ಟಣದಂತೆ ಸೇತುವೆಯ ಭಾಗ್ಯವಿಲ್ಲ. ಕೃಷ್ಣಾ ನದಿಯಲ್ಲಿ, ಯಾದಗಿರಿ ಜಿಲ್ಲೆಯಲ್ಲಿ, ನೀಲಕಂಠರಾಯನಗಡ್ಡಿ ಎಂಬ ಊರಿದೆ. 2014ರ ಮಳೆಗಾಲದಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬರು, ಹೆರಿಗೆಗೆ ಮುಂಚೆ ಆಚೆ ದಡ ಸೇರಬೇಕೆಂದು, ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ತುಂಬಿದ ಹೊಳೆಯನ್ನು ಈಜಿ ದಾಟಿದರು. ಸುದ್ದಿ ದೇಶ ದೇಶಗಳಿಗೆ ಹೋಯಿತು. ಹೊಳೆ ಏರುವ ತಿಂಗಳು ಯಾವುದು, ಆ ತಿಂಗಳಲ್ಲಿ ಹೆರಿಗೆ ಆಗಬೇಕಾದ ಮನೆಗಳು ಯಾವುವು ಎಂದು ಮೇ ತಿಂಗಳಲ್ಲಿ ಒಂದು ಸಭೆ ಕೂತು ಕೇಳಿದ್ದರೆ ತಿಳಿಯುವ ಸಂಗತಿ ಅದು. ಆ ತಾಯಿ ಈಜಬೇಕಾಗಿರಲಿಲ್ಲ.

ದೂರದ ಸ್ಕಾಟ್ಲೆಂಡಿನಲ್ಲಿ ಜನವಸತಿಯ ದ್ವೀಪಗಳು ಬಹಳ. ಅಲ್ಲಿ 2018ರಲ್ಲಿ ದ್ವೀಪಗಳಿಗೆಂದೇ ಒಂದು ಕಾಯಿದೆ ಮಾಡಿದರು. ಒಂದು ಹೊಸ ನೀತಿಯೋ ಸೇವೆಯೋ ಬರುವಾಗ, ಅದರ ಪರಿಣಾಮ ದ್ವೀಪದವರ ಮೇಲೆ ಉಳಿದವರಿಗಿಂತ ಬೇರೆ ರೀತಿ ಆಗುವಂತಿದ್ದರೆ, ಅದನ್ನು ಮೊದಲೇ ಪರಿಶೀಲಿಸಬೇಕೆಂದು ಸರ್ಕಾರಿ ಸಂಸ್ಥೆಗಳಿಗೆ ವಿಧಿಸಿದ್ದಾರೆ. ನಮ್ಮಲ್ಲಿ ಹಾಗೆ ಮುಂಚೆಯೇ ಯೋಚಿಸಿದ್ದು ಹಕ್ಕಿಗಳ ವಿಷಯದಲ್ಲಿ. ಸಲೀಂ ಅಲಿಯವರ ಮಾತಿನಂತೆ ರಂಗನತಿಟ್ಟಿನ ನಡುಗಡ್ಡೆಗಳನ್ನು 1940ರಲ್ಲೇ ಪಕ್ಷಿಧಾಮ ಮಾಡಿದರು. ಹಕ್ಕಿಗಳ ಪರವಾಗಿ ಕೇಳಲು ಒಬ್ಬರಿದ್ದರು. ಮನುಷ್ಯರು ತಮ್ಮ ಪರವಾಗಿ ತಾವೇ ಕೇಳಬೇಕು.

ಕೇಳುವುದು ಎಲ್ಲಿ? ಮೊದಲೇ ಹೇಳಿದ ಇನ್ನೊಂದು ಕಾರಣ ಇದು. ಹೊಳೆಯಾಚೆಯ ನಿಮ್ಮ ಹಳ್ಳಿಗಳು ಗ್ರಾಮ ಪಂಚಾಯಿತಿಗೆ ಸೇರಿದವು. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ನಿಮಗೆ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಇವೆ. ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ 20 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಬಂದರೆ ಕೋರಂ ಆಯಿತು. ದ್ವೀಪದ ಗಂಜಾಮಿನವರು ಗದ್ದೆ ಉಳುವವರಾದರೂ ಪುರಸಭೆಗೆ ಸೇರಿದವರು, ಅವರಿಗೆ ಗ್ರಾಮ ಸಭೆಯಿಲ್ಲ. ಪಟ್ಟಣಗಳಿಗೆ ಸಂವಿಧಾನದ 74ನೆಯ ತಿದ್ದುಪಡಿ ಕಡ್ಡಾಯ ಮಾಡಿದ ವಾರ್ಡ್ ಸಮಿತಿ ಮೂರು ಲಕ್ಷ ಅಥವಾ ಅದಕ್ಕೂ ಮಿಕ್ಕಿ ಜನಸಂಖ್ಯೆ ಇರುವ ಕಡೆಗೆ. ಶ್ರೀರಂಗಪಟ್ಟಣ ಅದರ ಹತ್ತಿರಕ್ಕೂ ಬರುವುದಿಲ್ಲ.

ಅಂದರೆ, ಹೊಳೆ ಸುತ್ತಿದವರಿಗೆ ಕಾಯಿದೆ ಕರೆಯುವ ಸಭೆಯಿಲ್ಲ, ನಿಮಗಿದೆ. ಆದರೆ ನಿಮ್ಮಲ್ಲಿ ಎಷ್ಟು ಜನ ಹೋಗುತ್ತೀರಿ? ಒಂದು ಊರಿನ ಸಭೆಗೆ ನಾನು ಹೋಗಿದ್ದೆ, ಹೆಸರು ಬೇಡ. ಮನೆ ಮತ್ತು ದನದ ಕೊಟ್ಟಿಗೆಯ ಫಲಾನುಭವಿ ಪಟ್ಟಿ ಓದುವವರೆಗೆ ಜಗಲಿ ತುಂಬಿತ್ತು. ಓದಿ ಮುಗಿದ ಕೂಡಲೇ ಜಗಲಿ ಬರಿದಾಯಿತು. ಕೆರೆ ತೂಬಿನ ಮಾತು ಬಂದಾಗ ಉಳಿದವರು ನೀರುಗಂಟಿ, ಇಬ್ಬರು ಹೆಂಗಸರು ಮತ್ತು ನಾನು. ಹೆಂಗಸರು ಹೇಳಿದ ಮಾತು ಚಿನ್ನದಂಥದ್ದು, ತೂಬಿನ ಯಾವ ಕಲ್ಲು ಜರುಗಿದೆ ಎಂದು ಅವರಿಗೆ ಬಟ್ಟೆ ಒಗೆಯುವಾಗಲೇ ಗೊತ್ತಾಗಿತ್ತು. ನಡವಳಿ ಪುಸ್ತಕದಲ್ಲಿ ಅದು ಬರಲೇ ಇಲ್ಲ. ಬರೆಯಿರಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ಕೊರತೆ.

ಆದುದರಿಂದ ಅಭ್ಯಾಸಕ್ಕೆ ಇದನ್ನು ಮಾಡಿ. ಪಂಚಾಯಿತಿಯವರು ಸಭೆಯಲ್ಲಿ ಕೇಳಿ, ಬರೆಸಿ, ಎದ್ದು ಬರುವ ಮುಂಚೆ ಬರೆದದ್ದನ್ನು ಓದಿಸಿ. ಪುರಸಭೆಯವರು ನಿಮ್ಮ ಬೀದಿಯ ಸಭೆಯನ್ನು ನೀವೇ ಕರೆಯಿರಿ. ದೇವಸ್ಥಾನದ ಜಗಲಿಯಾದರೂ ಆದೀತು, ಶಾಲೆಯಾದರೂ ಆದೀತು. ವಾರ್ಡಿನ ಸದಸ್ಯರಿಗೂ ಮುಖ್ಯಾಧಿಕಾರಿಗೂ ವಾರ ಮುಂಚೆ ಕಾಗದ ಕೊಡಿ. ಚುನಾಯಿತ ಸದಸ್ಯರು ಕರೆದರೆ ಬರುತ್ತಾರೆ, ಬಾರದಿದ್ದರೆ ಬಾರದ ಸಂಗತಿಯನ್ನೂ ಬರೆದಿಡಿ.

ಅರ್ಜಿ ಹೇಗಿರಬೇಕು? "ರಸ್ತೆ ಸರಿಯಿಲ್ಲ, ಸರಿ ಮಾಡಿಸಿ" ಎಂದರೆ ಯಾವ ಕಛೇರಿಗೂ ಏನೂ ಮಾಡಲಾಗದು. ಹೀಗೆ ಬರೆಯಿರಿ: ಪ್ರವಾಹದ ನಂತರ ಇಂಥ ಸರ್ವೆ ನಂಬರಿನಿಂದ ಇಂಥಲ್ಲಿಯವರೆಗೆ, ಇಷ್ಟು ಮಾರು ಉದ್ದದ ಗಾಡಿ ದಾರಿಯ ಮೇಲೆ ಮೊಣಕಾಲುದ್ದ ಮರಳು ನಿಂತಿದೆ. ಇಷ್ಟು ಮನೆಗಳ ಕಬ್ಬು ಹೊರಕ್ಕೆ ಸಾಗಬೇಕು. ಕಟಾವು ಇಂಥ ತಿಂಗಳು. ಅದರೊಳಗೆ ಮರಳು ತೆಗೆಸಿ. ದಾರಿ ತಮ್ಮ ವ್ಯಾಪ್ತಿಗೆ ಬಾರದಿದ್ದರೆ ಯಾರ ವ್ಯಾಪ್ತಿ ಎಂದು ಲಿಖಿತವಾಗಿ ತಿಳಿಸಿ. ಈ ಕೊನೆಯ ಸಾಲನ್ನು ಮರೆಯಬೇಡಿ. ತಪ್ಪು ಬಾಗಿಲಿನ ಮುಂದೆ ಎರಡು ತಿಂಗಳು ಕಳೆದವನ ಮಾತು ಇದು. ಒಂದು ಅರ್ಜಿಗೆ ಒಂದೇ ವಿಷಯ. ಪ್ರತಿ ಇಟ್ಟುಕೊಂಡು, ಅದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳತಕ್ಕದ್ದು.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. "ನನ್ನ ಇಂಥ ದಿನಾಂಕದ ಅರ್ಜಿಯ ಮೇಲೆ ಏನು ಕ್ರಮವಾಯಿತು, ಸಭೆಯ ನಡವಳಿಯ ಪ್ರತಿ ಕೊಡಿ" ಎಂದು ಕೇಳಿದರೆ ಸಾಕು. ಜಗಳದ ಮಾತು ಬೇಡ, ಪದಗಳು ವೃಥಾ ಖರ್ಚಾಗುತ್ತವೆ.

ಮುಂಗಾರು ಕೊಡಗಿಗೆ ಜೂನ್ ಮೊದಲ ವಾರಗಳಲ್ಲಿ ಮುಟ್ಟುತ್ತದೆ. ಕಟ್ಟೆ ತುಂಬುವ ಸುದ್ದಿ ಬರುವುದು ಸಾಮಾನ್ಯವಾಗಿ ಜುಲೈ, ಆಗಸ್ಟಿನಲ್ಲಿ. ದಂಡೆಯ ಊರಿನವರು ನೀರಿನ ಗುರುತಿನ ಪಟ್ಟಿಯನ್ನು ಮೇ ತಿಂಗಳೊಳಗೆ ಮುಗಿಸಿ ಒಂದು ಪ್ರತಿಯನ್ನು ಪುರಸಭೆ ಅಥವಾ ಪಂಚಾಯಿತಿಗೆ, ಒಂದನ್ನು ತಾಲ್ಲೂಕು ಕಛೇರಿಗೆ, ಒಂದನ್ನು ನಿಗಮಕ್ಕೆ ಕೊಡಿ. ಕೃಷ್ಣರಾಜಪೇಟೆಯ ಹೇಮಾವತಿ ದಂಡೆಯವರೂ ಇದನ್ನೇ ಮಾಡಬಹುದು. ನಾಗಮಂಗಲದವರು ಪ್ರವಾಹದ ಬದಲು ಕೆರೆಯ ನೀರು ಯಾವ ತಿಂಗಳು ಯಾವ ಕಲ್ಲಿಗೆ ಇಳಿಯಿತೆಂದು ಬರೆಯಿರಿ. ಪಟ್ಟಿ ಬರೆಯಲು ಕೈ ಬೇಕಾದರೆ ಹೇಳಿಕಳುಹಿಸಿ, ಬಂದು ಕೂತು ಬರೆದುಕೊಡುತ್ತೇನೆ. ಈ ಸಲ ಬಾಗಿಲು ನೋಡಿಕೊಂಡೇ.