ತೊಗರಿಯ ಗರಿ ಪತಂಗ: ಗುರುತಿಸುವ ಬಗೆ

ಕಮಲಾಪುರದ ಕಡೆಯ ರೈತರೊಬ್ಬರು ಕೆಲಸಕ್ಕೆಂದು ಕಲಬುರಗಿಯ ಸ್ಟೇಶನ್ ಬಜಾರಕ್ಕೆ ಬರುವಾಗ ತೂತು ಬಿದ್ದ ನಾಲ್ಕು ತೊಗರಿ ಕಾಯಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದರೆನ್ನಿ. ನೋಡಿದವರು "ಕಾಯಿಕೊರಕ" ಎಂದೇ ಹೇಳುತ್ತಾರೆ. ಆದರೆ ಅವರ ಹೊಲದ ಮೋಹಕ ಬಲೆಯಲ್ಲಿ ಒಂದು ಪತಂಗವೂ ಬಿದ್ದಿಲ್ಲ. ಹಾಗಾದರೆ ತೂತು ಎಲ್ಲಿಂದ ಬಂತು? ಕಾಯಿಕೊರಕಕ್ಕೆಂದು ಕಟ್ಟಿದ ಬಲೆಗೆ ಹೆಲಿಕೋವರ್ಪದ ಗಂಡು ಪತಂಗಗಳು ಮಾತ್ರ ಬರುತ್ತವೆ. ಗರಿ ಪತಂಗ ಅದರತ್ತ ಸುಳಿಯುವುದಿಲ್ಲ. ಆದ್ದರಿಂದ ಬಲೆ ಖಾಲಿ ಇದೆಯೆಂದು ನೆಮ್ಮದಿಯಿಂದ ಇರುವಂತಿಲ್ಲ.

ಈ ಕೀಟದ ಶಾಸ್ತ್ರೀಯ ಹೆಸರು ಎಕ್ಸೆಲಾಸ್ಟಿಸ್ ಅಟೊಮೋಸಾ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಹೂವಾಡಿ ಕಾಯಿ ಕಟ್ಟುವ ಚಳಿಗಾಲದಲ್ಲಿ ಇದರ ಹಾವಳಿ ಹೆಚ್ಚು. ಅವರೆಯಲ್ಲೂ ಕಂಡುಬರುತ್ತದೆ. ಪ್ರೌಢಕೀಟ ಅರ್ಧ ಅಂಗುಲದಷ್ಟು ಉದ್ದ, ಬೂದುಮಿಶ್ರಿತ ಕಂದು ಬಣ್ಣ, ಸಣಕಲು ಮೈ, ಉದ್ದನೆಯ ಕಡ್ಡಿಗಾಲು. ಸಾಲಿನ ನಡುವೆ ನಡೆದರೆ ಗಿಡದಿಂದ ಎದ್ದು ಸ್ವಲ್ಪ ದೂರ ಹಾರಿ ಮತ್ತೆ ಕೂರುತ್ತದೆ. ದೂರದಿಂದ ಸೊಳ್ಳೆಯೆಂದೇ ಭ್ರಮೆಯಾಗುತ್ತದೆ. ಕುಳಿತಾಗ ರೆಕ್ಕೆಗಳನ್ನು ಮಡಚಿ ಮೈಗೆ ಅಡ್ಡಲಾಗಿ ಚಾಚುತ್ತದೆ; ನೊಗ ಕಟ್ಟಿದ ಈಸನ್ನು ಮೇಲಿನಿಂದ ನೋಡಿದಂತಿರುತ್ತದೆ. ರೆಕ್ಕೆ ಬಿಡಿಸಿ ನೋಡಿದರೆ ಸಂಶಯ ಉಳಿಯದು. ಮುಂದಿನ ರೆಕ್ಕೆ ಎರಡಾಗಿ, ಹಿಂದಿನ ರೆಕ್ಕೆ ಮೂರಾಗಿ ಸೀಳಿದ್ದು, ಸೀಳುಗಳ ಅಂಚಿಗೆ ಹಕ್ಕಿಯ ಗರಿಯಂತೆ ಕೂದಲಿರುತ್ತದೆ. ಹೆಲಿಕೋವರ್ಪ ಪತಂಗವಾದರೋ ದಪ್ಪ ಮೈಯದು, ಅದರ ರೆಕ್ಕೆ ಇಡಿಯಾಗಿರುತ್ತದೆ.

ಹೆಣ್ಣು ಪತಂಗ ಮೊಗ್ಗು, ಹೂವು, ಎಳೆಗಾಯಿಗಳ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ಕಾಯಿಯ ಸಿಪ್ಪೆ ಕೆರೆದು, ಬಳಿಕ ತೂತು ಕೊರೆದು ಕಾಳು ತಿನ್ನುತ್ತದೆ. ಪೂರ್ತಿ ಒಳಗೆ ಹೋಗುವುದಿಲ್ಲ. ತಪ್ಪಾಗುವುದು ಇಲ್ಲಿಯೇ. ಹೆಲಿಕೋವರ್ಪದ ಹುಳುವೂ ತಲೆ ಒಳಗಿಟ್ಟು ಮೈ ಹೊರಗೆ ಬಿಟ್ಟು ತಿನ್ನುತ್ತದೆ. ಆದರೆ ಅದು ಬೆಳೆದಾಗ 35ರಿಂದ 40 ಮಿ.ಮೀ. ಉದ್ದವಾಗುತ್ತದೆ, ಮೈಯ ಪಕ್ಕಕ್ಕೆ ಉದ್ದನೆಯ ಪಟ್ಟೆಗಳಿರುತ್ತವೆ. ಗರಿ ಪತಂಗದ ಹುಳು ಅದರ ಮೂರನೇ ಒಂದು ಪಾಲು. ಹಸಿರುಮಿಶ್ರಿತ ಕಂದು, ನಡುವೆ ಉಬ್ಬಿ ತುದಿಗಳಲ್ಲಿ ಕಿರಿದು, ಮೈತುಂಬ ಗಿಡ್ಡ ಕೂದಲು ಮತ್ತು ಮುಳ್ಳು. ಬರಿಗಣ್ಣಿಗೆ ಕೂದಲು ಕಾಣದಿದ್ದರೆ ಬಿಸಿಲಿಗೆ ಹಿಡಿದು ನೋಡಬೇಕು. ಹೂವು, ಎಲೆಗಳನ್ನು ನೂಲಿನಿಂದ ಹೆಣೆದು ಬಲೆ ಕಟ್ಟಿದ್ದರೆ ಅದು ಮರೂಕ ಹುಳುವಿನ ಕೆಲಸ, ಇದರದಲ್ಲ.

ಕೋಶದ ವಿಷಯ ಮುಖ್ಯ. ಹೆಲಿಕೋವರ್ಪ ಮಣ್ಣಿಗಿಳಿದು ಕೋಶವಾಗುತ್ತದೆ. ಮಾಗಿ ಉಳುಮೆಯಿಂದ ಅದನ್ನು ಬಿಸಿಲಿಗೆ ತೆರೆಯಬಹುದು. ಗರಿ ಪತಂಗದ ಕೋಶ ಕಾಯಿಯ ಮೇಲೆಯೇ ಅಥವಾ ತೂತಿನ ಬಾಯಲ್ಲಿಯೇ ಅಂಟಿರುತ್ತದೆ. ಅದಕ್ಕೂ ಕೂದಲಿರುವುದರಿಂದ ನೋಡಲು ಹುಳುವಿನಂತೆಯೇ ಇರುತ್ತದೆ. ಕಡ್ಡಿಯಿಂದ ಮುಟ್ಟಿ ನೋಡಿ: ಹುಳುವಾದರೆ ತೆವಳಿ ಜಾಗ ಬಿಡುತ್ತದೆ, ಕೋಶ ಅಂಟಿದಲ್ಲೇ ಉಳಿಯುತ್ತದೆ.

ಶೇ. 5ರ ಬೇವಿನ ಬೀಜದ ಕಷಾಯವನ್ನು, ಅಂದರೆ 100 ಲೀಟರ್ ನೀರಿಗೆ 5 ಕಿ.ಗ್ರಾಂ ಬೀಜದ ಪುಡಿಯ ಕಷಾಯವನ್ನು, ಹೂವಾಡುವಾಗ, ಹುಳು ಸಣ್ಣದಿರುವಾಗಲೇ ಸಿಂಪಡಿಸಬೇಕು. ಹಳೆಯ ಪುಸ್ತಿಕೆಗಳಲ್ಲಿರುವ ಎಂಡೋಸಲ್ಫಾನ್ 2011ರಿಂದ ನಿಷೇಧಿತ. ಅದನ್ನು ಹುಡುಕಿಕೊಂಡು ಹೋಗಬಾರದು. ಹೊಲದ ಐದಾರು ಕಡೆ ಗಿಡ ನೋಡಿದಾಗ ಹೆಚ್ಚಿನವು ಕೋಶಗಳೇ ಆಗಿದ್ದರೆ ಆ ವಾರದ ಸಿಂಪಡಣೆಯ ಖರ್ಚು ವ್ಯರ್ಥ. ಕೋಶ ಏನನ್ನೂ ತಿನ್ನುವುದಿಲ್ಲ.